ಥೈರಾಯ್ಡ್ ಕ್ಯಾನ್ಸರು: ಪ್ರೋಟೀನುಗಳು ನುಡಿಯುವ ಭವಿಷ್ಯ

ರೋಗಿಯ ಬಳಿ ನಿಂತ ವೈದ್ಯನು ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಇದು ಯಾವ ರೋಗ ಎಂಬುದು ಮೊದಲನೆಯದು. ಇದರ ಮುಂದಿನ ಗತಿ ಏನು ಎಂಬುದು ಎರಡನೆಯದು. ನಮ್ಮ ಆಯುರ್ವೇದದ ಆಚಾರ್ಯರು ಈ ಎರಡನೆಯ ಪ್ರಶ್ನೆಗೆ ಎಷ್ಟು ಮಹತ್ವವನ್ನು ಕೊಟ್ಟಿದ್ದರೆಂದರೆ, ರೋಗವು ಸಾಧ್ಯವೋ ಯಾಪ್ಯವೋ ಅಸಾಧ್ಯವೋ ಎಂಬುದನ್ನು ಅರಿತ ಮೇಲೆಯೇ ಚಿಕಿತ್ಸೆಗೆ ಕೈಹಾಕಬೇಕೆಂದು ವಿಧಿಸಿದರು. ಇಂದಿನ ರೋಗಶಾಸ್ತ್ರಜ್ಞನೂ ಅದೇ ವಿಚಾರದಲ್ಲಿ ತೊಡಗಿದ್ದಾನೆ. ವ್ಯತ್ಯಾಸವೆಂದರೆ, ಅವನು ನಾಡಿ ಹಿಡಿಯುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ಗಂಟಿನ ತೆಳುವಾದ ಹೋಳಿಗೆ ಬಣ್ಣ ಕಟ್ಟಿ, ಅದರಲ್ಲಿ ಯಾವ ಯಾವ ಪ್ರೋಟೀನುಗಳಿವೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾನೆ. “ಇಂಥ ಪ್ರೋಟೀನು ಹೆಚ್ಚಾಗಿ ಕಂಡರೆ ರೋಗಿಯ ಭವಿಷ್ಯ ಒಳ್ಳೆಯದಲ್ಲ” ಎಂಬ ಧಾಟಿಯ ಸಂಶೋಧನಾ ಪ್ರಬಂಧಗಳು ಇಂದು ಪ್ರಪಂಚದ ಎಲ್ಲ ಮೂಲೆಗಳಿಂದಲೂ ಹೊರಬರುತ್ತಿವೆ. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರನ್ನು ಕುರಿತಂತೂ ಅವುಗಳಿಗೆ ಕೊರತೆಯೇ ಇಲ್ಲ.

ಇಂತಹ ಕುರುಹುಗಳಲ್ಲಿ ಹೆಚ್ಚಿನವು ವೈದ್ಯನಿಗೆ ಆಗಲೇ ತಿಳಿದಿರುವುದನ್ನೇ ಮತ್ತೊಮ್ಮೆ ಹೇಳುತ್ತವೆ ಎಂಬುದು ನನ್ನ ಅಭಿಪ್ರಾಯ. ಬೆಲೆಕಟ್ಟಲಾಗದ ಕೆಲಸ ಮಾಡುವಂಥವೂ ಕೆಲವು ಉಂಟು. ಯಾವುದು ಯಾವ ಗುಂಪಿಗೆ ಸೇರಿದ್ದೆಂದು ತೂಗಿನೋಡಲು ವೈದ್ಯನೇ ಆಗಿರಬೇಕಾದುದಿಲ್ಲ; ಶೇಕಡಾ ಲೆಕ್ಕ ಬಲ್ಲ ವಿದ್ಯಾರ್ಥಿಗೂ ಅದು ಸಾಧ್ಯ.

ಥೈರಾಯ್ಡ್ ಗ್ರಂಥಿಯು ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ತಬ್ಬಿಕೊಂಡು ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ಇರುತ್ತದೆ. ತೂಕ ಸುಮಾರು 20 ಗ್ರಾಂ. ಅದರ ತುಂಬ ಸಣ್ಣ ಸಣ್ಣ ಕೋಶಚೀಲಗಳು. ಈ ಚೀಲಗಳ ಗೋಡೆಯ ಜೀವಕೋಶಗಳು ರಕ್ತದಿಂದ ಅಯೋಡಿನನ್ನು ಹೀರಿ, ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನಿಗೆ ಕೂಡಿಸಿ, ದೇಹಕ್ಕೆ ಬೇಕಾದ ಹಾರ್ಮೋನನ್ನು ಸಿದ್ಧಪಡಿಸುತ್ತವೆ. ಚೀಲಗಳ ನಡುವೆ ಅಲ್ಲಲ್ಲಿ ‘ಸಿ’ ಕೋಶಗಳೆಂಬ ಬೇರೆ ಜಾತಿಯವು ಇರುತ್ತವೆ. ಇವುಗಳ ಕಸಬು ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನಿನ ತಯಾರಿಕೆ. ಕ್ಯಾನ್ಸರು ಈ ಎರಡು ಜಾತಿಯ ಕೋಶಗಳಿಂದಲೂ ಹುಟ್ಟಬಹುದು.

ಒಂದೇ ಗ್ರಂಥಿಯಲ್ಲಿ ಹುಟ್ಟುವ ಈ ಕ್ಯಾನ್ಸರುಗಳ ಸ್ವಭಾವದಲ್ಲಿ ಅಜಗಜಾಂತರವಿದೆ. ಹತ್ತರಲ್ಲಿ ಎಂಟು ಪ್ಯಾಪಿಲರಿ ಎಂಬ ಬಗೆಗೆ ಸೇರಿದವು. ಚಿಕಿತ್ಸೆ ಪಡೆದ ಹತ್ತು ವರ್ಷಗಳ ಮೇಲೂ ಈ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬದುಕಿರುತ್ತಾರೆ. ಅನಪ್ಲಾಸ್ಟಿಕ್ ಎಂಬುದು ಅಪರೂಪ. ಆದರೆ ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಒಂದು ವರ್ಷವನ್ನೂ ದಾಟುವುದಿಲ್ಲ. ವಯಸ್ಸಿನ ಪ್ರಭಾವವೂ ಬೇರೆ ಕ್ಯಾನ್ಸರುಗಳಲ್ಲಿ ಕಾಣದಷ್ಟು. 2018ರಿಂದ ಆಚರಣೆಗೆ ಬಂದ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ, 55 ವರ್ಷದೊಳಗಿನ ಪ್ಯಾಪಿಲರಿ ರೋಗಿಗೆ ಕ್ಯಾನ್ಸರು ಶ್ವಾಸಕೋಶದವರೆಗೆ ಹಬ್ಬಿದ್ದರೂ ಅದು ಎರಡನೆಯ ಹಂತವೇ ಹೊರತು ಮೂರನೆಯದೂ ಅಲ್ಲ, ನಾಲ್ಕನೆಯದೂ ಅಲ್ಲ. ಅಂದರೆ, ಯಾವ ಪ್ರೋಟೀನಿಗೂ ಬಣ್ಣ ಕಟ್ಟುವ ಮೊದಲೇ, ಕ್ಯಾನ್ಸರಿನ ಬಗೆ, ರೋಗಿಯ ವಯಸ್ಸು, ಗಂಟು ಹಬ್ಬಿರುವ ದೂರ ಇವುಗಳಿಂದಲೇ ಭವಿಷ್ಯದ ಬಹುಪಾಲು ವೈದ್ಯನಿಗೆ ತಿಳಿದುಹೋಗಿರುತ್ತದೆ. ಹೊಸ ಕುರುಹು ಇದರ ಮೇಲೆ ಏನನ್ನು ಕೂಡಿಸುತ್ತದೆ ಎಂಬುದೇ ಪ್ರಶ್ನೆ.

ಪ್ರೋಟೀನನ್ನು ಕಣ್ಣಿಗೆ ಕಾಣಿಸುವ ಈ ವಿದ್ಯೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಏಕೆಂದರೆ ಅದು ನಿಜಕ್ಕೂ ಸೊಗಸಾದದ್ದು. ಪರಕೀಯ ವಸ್ತು ದೇಹವನ್ನು ಹೊಕ್ಕಾಗ, ಅದಕ್ಕೇ ಹೊಂದಿಕೊಳ್ಳುವ ಪ್ರತಿಕಾಯವನ್ನು ದೇಹ ತಯಾರಿಸುವುದಷ್ಟೆ. ಬೀಗಕ್ಕೆ ಬೀಗದ ಕೈ ಇದ್ದಂತೆ. 1941ರಲ್ಲಿ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಎಂಬ ವಿಜ್ಞಾನಿ ಪ್ರತಿಕಾಯಕ್ಕೆ ಹೊಳೆಯುವ ಬಣ್ಣವೊಂದನ್ನು ಅಂಟಿಸಿದನು. ಪ್ರತಿಕಾಯ ಎಲ್ಲಿ ಹೋಗಿ ಕೂಡುವುದೋ ಅಲ್ಲಿ ಬಣ್ಣ ಹೊಳೆಯಿತು. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೊಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬವರು ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಬೆಳೆಯುವ ಮಾರ್ಗವನ್ನು ಕಂಡುಹಿಡಿದರು. 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಇಂದು ಆಸ್ಪತ್ರೆಯಲ್ಲಿ ಗಂಟಿನ ತುಣುಕನ್ನು ಫಾರ್ಮಲಿನ್ನಿನಲ್ಲಿ ನೆನೆಸಿ, ಪ್ಯಾರಫಿನ್ ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾಗಿ ಕೊಯ್ದು, ಅದರ ಮೇಲೆ ಪ್ರತಿಕಾಯವನ್ನು ಹನಿಸುತ್ತಾರೆ. ಹುಡುಕುವ ಪ್ರೋಟೀನು ಇದ್ದ ಕಡೆ ಕಂದು ಬಣ್ಣ ಮೂಡುತ್ತದೆ.

ಈ ಪ್ರೋಟೀನುಗಳ ಹೆಸರಿನ ಕಥೆಯೂ ಒಮ್ಮೊಮ್ಮೆ ತಮಾಷೆಯಾಗಿರುತ್ತದೆ. 1983ರಲ್ಲಿ ಜರ್ಮನಿಯ ಕೀಲ್ ನಗರದ ಪ್ರಯೋಗಶಾಲೆಯೊಂದರ 96 ಗುಳಿಗಳ ತಟ್ಟೆಯಲ್ಲಿ 67ನೆಯ ಗುಳಿಯಲ್ಲಿ ಬೆಳೆದ ಪ್ರತಿಕಾಯವು, ವಿಭಜನೆಯಲ್ಲಿ ತೊಡಗಿದ ಕೋಶಗಳಿಗೆ ಮಾತ್ರ ಅಂಟಿಕೊಂಡು, ವಿಶ್ರಾಂತಿಯಲ್ಲಿದ್ದ ಕೋಶಗಳನ್ನು ಬಿಟ್ಟುಬಿಡುತ್ತಿತ್ತು. ಅದು ಗುರುತಿಸುವ ಪ್ರೋಟೀನಿಗೆ ‘ಕೆಐ-67’ ಎಂಬ ಹೆಸರೇ ನಿಂತುಹೋಯಿತು. ಶಾಂತ ಸ್ವಭಾವದ ಪ್ಯಾಪಿಲರಿ ಕ್ಯಾನ್ಸರಿನಲ್ಲಿ ನೂರಕ್ಕೆ ಕೆಲವೇ ಕೋಶಗಳು ಈ ಬಣ್ಣವನ್ನು ತಳೆಯುತ್ತವೆ, ಅನಪ್ಲಾಸ್ಟಿಕ್‌ನಲ್ಲಿ ಬಹಳಷ್ಟು. ಹಾಗೆಯೇ ‘ಪಿ53’ ಎಂಬ ಕಾವಲುಗಾರ ಪ್ರೋಟೀನು ಕೆಟ್ಟು ಕೋಶದಲ್ಲಿ ಗುಡ್ಡೆ ಬೀಳುವುದೂ ಅನಪ್ಲಾಸ್ಟಿಕ್‌ನಲ್ಲಿ ಸಾಮಾನ್ಯ, ಪ್ಯಾಪಿಲರಿಯಲ್ಲಿ ವಿರಳ. ಇವೆಲ್ಲ ನಿಜ. ಆದರೆ ಅನಪ್ಲಾಸ್ಟಿಕ್ ಕ್ಯಾನ್ಸರನ್ನು ನುರಿತ ರೋಗಶಾಸ್ತ್ರಜ್ಞನು ಕೋಶಗಳ ಅಂಕೆ ತಪ್ಪಿದ ಆಕಾರದಿಂದಲೇ ಬಹುಮಟ್ಟಿಗೆ ಗುರುತಿಸುತ್ತಾನೆ. ಹುಲಿಯನ್ನು ಎದುರಿಗೇ ಕಂಡವನಿಗೆ ಅದರ ಹೆಜ್ಜೆಯ ಅಳತೆ ಏತಕ್ಕೆ?

ಇನ್ನು ಎಲ್ಲರ ಬಾಯಲ್ಲೂ ಇರುವ ಕುರುಹಿಗೆ ಬರೋಣ. ‘ಬಿರಾಫ್’ ಎಂಬುದು 766 ಅಮೈನೋ ಆಮ್ಲಗಳ ಸರಪಳಿಯಾದ ಪ್ರೋಟೀನು. “ಬೆಳೆ, ವಿಭಜಿಸು” ಎಂಬ ಅಪ್ಪಣೆಯನ್ನು ಕೋಶದೊಳಗೆ ಮುಂದಕ್ಕೆ ದಾಟಿಸುವುದು ಇದರ ಕೆಲಸ. ಸರಪಳಿಯ 600ನೆಯ ಕೊಂಡಿಯಲ್ಲಿ ವ್ಯಾಲೀನ್ ಇರಬೇಕಾದ ಕಡೆ ಗ್ಲುಟಾಮಿಕ್ ಆಮ್ಲ ಬಂದು ಕುಳಿತರೆ, ಹೊರಗಿನಿಂದ ಅಪ್ಪಣೆ ಬಾರದಿದ್ದರೂ ಇದು ಕೂಗುತ್ತಲೇ ಇರುತ್ತದೆ. ಕ್ಯಾನ್ಸರುಗಳಲ್ಲಿ ಈ ದೋಷವಿರುವುದು 2002ರಲ್ಲಿ ಬೆಳಕಿಗೆ ಬಂದಿತು; ಮರುವರ್ಷವೇ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರಿನಲ್ಲಿ ಅದು ಬಹು ಸಾಮಾನ್ಯವೆಂದು ತಿಳಿಯಿತು. ಕೆಟ್ಟ ಬಿರಾಫನ್ನು ಮಾತ್ರ ಹಿಡಿದು ಒಳ್ಳೆಯದನ್ನು ಬಿಟ್ಟುಬಿಡುವ ಪ್ರತಿಕಾಯವೂ ಆಮೇಲೆ ಬಂದಿತು. ಒಂದೇ ಒಂದು ಕೊಂಡಿಯ ವ್ಯತ್ಯಾಸವನ್ನು ಕಂದು ಬಣ್ಣದಲ್ಲಿ ತೋರಿಸಿಕೊಡುವ ಆ ಕೌಶಲಕ್ಕೆ ತಲೆದೂಗಲೇಬೇಕು.

ಈ ದೋಷವುಳ್ಳವರ ಭವಿಷ್ಯ ಕೆಟ್ಟದ್ದೆ? 2013ರಲ್ಲಿ ಏಳು ದೇಶಗಳ 13 ವೈದ್ಯಕೇಂದ್ರಗಳು ಒಟ್ಟುಗೂಡಿ 1,849 ಪ್ಯಾಪಿಲರಿ ರೋಗಿಗಳ ಲೆಕ್ಕವನ್ನು ಪ್ರಕಟಿಸಿದವು. ಬಿರಾಫ್ ದೋಷವಿದ್ದ 845 ಮಂದಿಯಲ್ಲಿ 45 ಮಂದಿ ಕ್ಯಾನ್ಸರಿನಿಂದ ಮಡಿದಿದ್ದರು. ದೋಷವಿಲ್ಲದ 1,004 ಮಂದಿಯಲ್ಲಿ 11 ಮಂದಿ. ಅಂದರೆ ನೂರಕ್ಕೆ 5.3 ಒಂದು ಕಡೆ, 1.1 ಇನ್ನೊಂದು ಕಡೆ. ಸುಮಾರು ಐದುಪಟ್ಟು! ಪತ್ರಿಕೆಯ ತಲೆಬರಹಕ್ಕೆ ಇಷ್ಟು ಸಾಕು. ಆದರೆ ಸಂಶೋಧಕರು ಪ್ರಾಮಾಣಿಕರು, ಅಲ್ಲಿಗೇ ನಿಲ್ಲಲಿಲ್ಲ. ಕ್ಯಾನ್ಸರು ಕತ್ತಿನ ದುಗ್ಧಗ್ರಂಥಿಗಳಿಗೆ ಹಬ್ಬಿತ್ತೇ, ಥೈರಾಯ್ಡಿನ ಎಲ್ಲೆ ಮೀರಿತ್ತೇ, ದೂರದ ಅಂಗಗಳನ್ನು ಮುಟ್ಟಿತ್ತೇ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ ನೋಡಿದಾಗ, ಬಿರಾಫಿನ ಪ್ರಭಾವ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲದೆ ಹೋಯಿತು. ಬಿರಾಫ್ ನಿರಪರಾಧಿ ಎಂದು ಇದರ ಅರ್ಥವಲ್ಲ. ಅದು ಕ್ಯಾನ್ಸರನ್ನು ಹಬ್ಬಿಸುವುದರ ಮೂಲಕವೇ ಕೇಡು ಮಾಡುತ್ತಿರಬಹುದು. ಆದರೆ ಹಬ್ಬಿರುವುದನ್ನು ವೈದ್ಯನು ಕಣ್ಣಾರೆ ಕಂಡಾಗಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಅದೇ ಅಂಕಿಗಳನ್ನು ರೋಗಿಯ ಕಡೆಯಿಂದ ಓದಿನೋಡಬೇಕು. ಕುರುಹು ಇದ್ದ 845 ಮಂದಿಯಲ್ಲಿ 800 ಮಂದಿ ಆ ಅವಧಿಯಲ್ಲಿ ಕ್ಯಾನ್ಸರಿಗೆ ಬಲಿಯಾಗಲಿಲ್ಲ. ಒಟ್ಟು ರೋಗಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನರ ಮೇಲೆ ಬೀಳುವ ಮುದ್ರೆಯು ಅಪಾಯದಲ್ಲಿರುವ ಕೆಲವರನ್ನು ಆರಿಸಿಕೊಡಲಾರದು. ಸೂಜಿಯಿಂದ ಕೋಶಗಳನ್ನು ತೆಗೆದು ಶಸ್ತ್ರಚಿಕಿತ್ಸೆಗೆ ಮೊದಲೇ ಬಿರಾಫನ್ನು ನೋಡಬಹುದು, ಆಗ ಹಬ್ಬಿರುವ ಸಂಗತಿ ಇನ್ನೂ ತಿಳಿದಿರುವುದಿಲ್ಲವಲ್ಲ ಎಂದು ಕೆಲವರು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ. ಆದರೆ ಎಂದೂ ಬೆಳೆಯದ ಕಾಳಿನಷ್ಟು ಸಣ್ಣ ಗಂಟುಗಳಲ್ಲಿಯೂ ಈ ದೋಷ ಗಣನೀಯವಾಗಿ ಕಂಡುಬರುವುದರಿಂದ ಅದರ ಬಲ ಬಹಳ ಕುಂದುತ್ತದೆ.

ಏಳು ದೇಶಗಳು ಸೇರಿ ಮಾಡಿದ ಲೆಕ್ಕದ ಗತಿಯೇ ಹೀಗಾದರೆ, ಒಂದೊಂದು ಆಸ್ಪತ್ರೆಯಿಂದ ಬರುವ ಸಣ್ಣ ಪ್ರಬಂಧಗಳ ಮಾತೇನು? 100 ಮಂದಿ ಪ್ಯಾಪಿಲರಿ ರೋಗಿಗಳನ್ನು ಕೆಲವು ವರ್ಷ ಗಮನಿಸಿದರೆಂದು ಇಟ್ಟುಕೊಳ್ಳಿ. ಮೂವರು ತೀರಿಕೊಂಡರು. ಒಂದು ಪ್ರೋಟೀನಿನ ಬಣ್ಣ ಗಾಢವಾಗಿದ್ದ 50 ಮಂದಿಯಲ್ಲಿ ಇಬ್ಬರು, ತೆಳುವಾಗಿದ್ದ 50 ಮಂದಿಯಲ್ಲಿ ಒಬ್ಬರು. “ಅಪಾಯ ಎರಡರಷ್ಟು” ಎನ್ನೋಣವೆ? ಮಡಿದವರಲ್ಲಿ ಒಬ್ಬರ ಹೋಳನ್ನು ನೋಡಿ ರೋಗಶಾಸ್ತ್ರಜ್ಞನು ‘ಗಾಢ’ ಎನ್ನುವ ಬದಲು ‘ತೆಳು’ ಎಂದಿದ್ದರೆ ತೀರ್ಪೇ ತಲೆಕೆಳಗಾಗುತ್ತಿತ್ತು. ರೋಗಿಗಳು ಸಾಯದಿರುವುದು ಅವರ ಸುದೈವ, ಸಂಶೋಧಕನಿಗೆ ಮಾತ್ರ ಅದೊಂದು ತೊಡಕು!

ಈ ತೊಡಕನ್ನು ದಾಟಲು ಹಲವರು ಒಂದು ಉಪಾಯವನ್ನು ಹೂಡುತ್ತಾರೆ. ಮರಣದ ಬದಲು, ದುಗ್ಧಗ್ರಂಥಿಗಳಿಗೆ ಹಬ್ಬಿದೆಯೇ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡು, ಅಂಥವರಲ್ಲಿ ಇಂಥ ಪ್ರೋಟೀನು ಹೆಚ್ಚೆಂದು ತೋರಿಸಿ, ಕೊನೆಯಲ್ಲಿ “ಆದುದರಿಂದ ಇದು ಭವಿಷ್ಯಸೂಚಕ” ಎಂದು ಮುಗಿಸುತ್ತಾರೆ. ಆದರೆ ಹಬ್ಬಿದ ದುಗ್ಧಗ್ರಂಥಿಯೂ ಬಣ್ಣ ಕಟ್ಟಿದ ಗಂಟೂ ಒಂದೇ ದಿನ ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಹೊರಬಂದವು. ಇಂದು ನಡೆದುಹೋಗಿರುವುದನ್ನು ಇಂದೇ ಅಳೆದು ಅದಕ್ಕೆ ಭವಿಷ್ಯವೆಂದು ಹೆಸರಿಡುವುದು ಪಂಚಾಂಗದವರೂ ಒಪ್ಪದ ಜ್ಯೋತಿಷ್ಯ.

ಆಕಸ್ಮಿಕದ ಆಟವೂ ಒಂದಿದೆ. ಇಪ್ಪತ್ತರಲ್ಲಿ ಒಂದು ಸಲಕ್ಕಿಂತ ಕಡಮೆ ಆಕಸ್ಮಿಕವಾಗಿ ಒದಗಬಹುದಾದ ಫಲಿತಾಂಶವನ್ನು ಸಂಶೋಧಕರು ‘ಗಣ್ಯ’ ಎಂದು ಒಪ್ಪುತ್ತಾರೆ. ಯಾವ ಸತ್ತ್ವವೂ ಇಲ್ಲದ 20 ಪ್ರೋಟೀನುಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಒಂದೂ ಗಣ್ಯವಾಗಿ ತೋರದಿರುವ ಸಂಭವವೆಷ್ಟು? 0.95ನ್ನು ಇಪ್ಪತ್ತು ಬಾರಿ ಗುಣಿಸಿನೋಡಿ: ಸುಮಾರು 0.36. ಉಳಿದ 64 ಪಾಲು, ಒಂದಾದರೂ ಸುಳ್ಳು ಕುರುಹು ಗೆದ್ದು ಬರುತ್ತದೆ. ಸೋತ ಹತ್ತೊಂಬತ್ತನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಎಷ್ಟು ಬಣ್ಣ ಕಂಡರೆ ‘ಹೆಚ್ಚು’ ಎನ್ನಬೇಕೆಂಬ ಗೆರೆಯನ್ನು ಫಲಿತಾಂಶ ನೋಡಿದ ಮೇಲೆ ಎಳೆದರಂತೂ ಕೇಳುವುದೇ ಬೇಡ. ಬಾಣ ನಾಟಿದ ಮೇಲೆ ಅದರ ಸುತ್ತ ಗುರಿಯ ವೃತ್ತ ಬರೆದಂತೆ. ಇದನ್ನರಿತು 2005ರಲ್ಲಿ ತಜ್ಞರ ಸಮಿತಿಯೊಂದು ಇಂಥ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂಬ ನಿಯಮಗಳನ್ನು ಪ್ರಕಟಿಸಿತು. ನಿಯಮಗಳು ಚೆನ್ನಾಗಿವೆ, ಪಾಲಿಸುವವರು ಹೆಚ್ಚಬೇಕು.

ಹೋಗಲಿ, ಒಂದು ಅಧಿಕ ಪರೀಕ್ಷೆಯಿಂದ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. 1985ರಲ್ಲಿ ಫಿನ್ಲೆಂಡಿನಲ್ಲಿ ಬೇರೆ ಬೇರೆ ಕಾರಣಗಳಿಂದ ಮೃತರಾದ 101 ಮಂದಿಯ ಥೈರಾಯ್ಡನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ, ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿಯಲ್ಲಿ ಸಣ್ಣ ಪ್ಯಾಪಿಲರಿ ಕ್ಯಾನ್ಸರುಗಳು ಕಂಡವು. ಅದು ತಮ್ಮ ಕತ್ತಿನಲ್ಲಿದೆ ಎಂಬುದನ್ನೇ ಅರಿಯದೆ ಅವರು ಬಾಳಿ ಹೋಗಿದ್ದರು. ದಕ್ಷಿಣ ಕೊರಿಯಾದಲ್ಲಿ 1999ರ ಅನಂತರ ಅಲ್ಟ್ರಾಸೌಂಡ್ ತಪಾಸಣೆ ಸುಲಭವಾಗಿ ದೊರೆತು, 2011ರ ವೇಳೆಗೆ ಥೈರಾಯ್ಡ್ ಕ್ಯಾನ್ಸರಿನ ಪತ್ತೆ 1993ರಲ್ಲಿದ್ದುದರ ಹದಿನೈದರಷ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಂತೆಯೇ ಇತ್ತು. ಪತ್ತೆಯಾದವರಲ್ಲಿ ಹೆಚ್ಚುಕಡಮೆ ಎಲ್ಲರಿಗೂ ಗ್ರಂಥಿಯನ್ನು ಕೊಯ್ದರು. ಗ್ರಂಥಿಯನ್ನು ಪೂರ್ತಿಯಾಗಿ ಕಳೆದುಕೊಂಡವರು ಜೀವಮಾನವಿಡೀ ದಿನಕ್ಕೊಂದು ಹಾರ್ಮೋನ್ ಗುಳಿಗೆಯನ್ನು ನುಂಗಬೇಕು. ಕೆಲವರಿಗೆ ಧ್ವನಿಯ ನರ ಘಾಸಿಗೊಂಡು ದನಿ ಒಡೆಯುತ್ತದೆ. ಕೆಲವರಿಗೆ ಪಕ್ಕದ ಪುಟ್ಟ ಗ್ರಂಥಿಗಳು ಹೋಗಿ ರಕ್ತದ ಸುಣ್ಣದಂಶ ಕುಸಿಯುತ್ತದೆ. ಇಪ್ಪತ್ತೆರಡರ ತರುಣಿಯ ವರದಿಯಲ್ಲಿ “ಭವಿಷ್ಯಕ್ಕೆ ಅಶುಭವಾದ ಪ್ರೋಟೀನು ಕಂಡಿದೆ” ಎಂಬ ಒಂದು ಸಾಲು ಇದ್ದರೆ, ಗ್ರಂಥಿಯ ಅರ್ಧವನ್ನು ಉಳಿಸಬಹುದಾಗಿದ್ದ ಕಡೆ ಪೂರ್ತಿ ತೆಗೆಸುವಂತೆ ಮನೆಯವರೇ ಒತ್ತಾಯಿಸುತ್ತಾರೆ. ಆ ಸಾಲು ಅವಳ ಜೊತೆಗೇ ಬಾಳುತ್ತದೆ.

ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯವರು ಬೇರೆ ದಾರಿ ಹಿಡಿದರು. 1993ರಿಂದ ಅವರು, ಒಂದು ಸೆಂಟಿಮೀಟರಿಗಿಂತ ಸಣ್ಣದಾದ ನಿರಪಾಯದ ಗಂಟುಗಳನ್ನು ಕೊಯ್ಯದೆ, ಕಾಲಕಾಲಕ್ಕೆ ನೋಡುತ್ತ ಬಂದರು. ಹೀಗೆ ಗಮನಿಸಿದ 1,235 ಮಂದಿಯ ಲೆಕ್ಕದಲ್ಲಿ, ಹತ್ತು ವರ್ಷಗಳಲ್ಲಿ ಗಂಟು ಮೂರು ಮಿಲಿಮೀಟರಿನಷ್ಟಾದರೂ ಬೆಳೆದವರು ನೂರಕ್ಕೆ ಎಂಟು. ದುಗ್ಧಗ್ರಂಥಿಗೆ ಹಬ್ಬಿದವರು ನೂರಕ್ಕೆ ನಾಲ್ಕಕ್ಕೂ ಕಡಮೆ. ಈ ಕ್ಯಾನ್ಸರಿನಿಂದ ಸತ್ತವರಿಲ್ಲ. ಅವರು ನೆಚ್ಚಿದ್ದು ಯಾವ ಪ್ರೋಟೀನನ್ನೂ ಅಲ್ಲ, ಕಾಲವನ್ನು.

ಪ್ರೋಟೀನು ಕುರುಹುಗಳನ್ನೆಲ್ಲ ಗುಡಿಸಿ ಹೊರಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಕ್ಯಾಲ್ಸಿಟೋನಿನ್ನನ್ನು ನೋಡಿ. ಥೈರಾಯ್ಡಿನ ಮೆಡ್ಯುಲರಿ ಕ್ಯಾನ್ಸರು ಪ್ರತ್ಯೇಕ ರೋಗವೆಂದು 1959ರಲ್ಲಿ ಅಮೆರಿಕದಲ್ಲಿ ವರ್ಣಿತವಾಯಿತು. ಕ್ಯಾಲ್ಸಿಟೋನಿನ್ನನ್ನು ಕೆನಡಾದ ಹೆರಾಲ್ಡ್ ಕಾಪ್ ಎಂಬಾತನು 1962ರ ಹೊತ್ತಿಗೆ ಬೆಳಕಿಗೆ ತಂದನು. ಈ ಎರಡು ಎಳೆಗಳೂ ಆಮೇಲೆ ‘ಸಿ’ ಕೋಶದಲ್ಲಿ ಕೂಡಿಕೊಂಡವು. ಥೈರಾಯ್ಡಿನ ಬೇರೆ ಯಾವ ಕೋಶವೂ ಮಾಡದ ಕೆಲಸವನ್ನು ಈ ಕೋಶ ಮಾಡುತ್ತದೆ. ಕ್ಯಾನ್ಸರಾದ ಮೇಲೂ ಸಾಮಾನ್ಯವಾಗಿ ಕಸಬು ಬಿಡುವುದಿಲ್ಲ. ಸುತ್ತಿಗೆಯ ಸದ್ದು ಕೇಳಿದರೆ ಕಮ್ಮಾರನು ಮನೆಯಲ್ಲಿದ್ದಾನೆಂದು ತಿಳಿಯುವಂತೆ, ಹೋಳಿನಲ್ಲಿ ಕ್ಯಾಲ್ಸಿಟೋನಿನ್ ಕಂಡರೆ ರೋಗ ಯಾವುದೆಂಬುದು ಇತ್ಯರ್ಥವಾಗುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ರಕ್ತದಲ್ಲಿ ಅದು ಮತ್ತೆ ಏರತೊಡಗಿದರೆ ಕ್ಯಾನ್ಸರು ಎಲ್ಲೋ ಉಳಿದಿದೆ ಎಂದರ್ಥ. ಎಷ್ಟು ಬೇಗ ಇಮ್ಮಡಿಸುತ್ತದೆಯೋ ರೋಗಿಯ ಮುಂದಿನ ದಾರಿ ಅಷ್ಟು ಕಠಿಣ. ಇದು ಭವಿಷ್ಯಸೂಚಕವೆಂಬ ಹೆಸರಿಗೆ ಯೋಗ್ಯ, ಏಕೆಂದರೆ ಅದು ಹೇಳುವುದನ್ನು ಬೇರೆ ಯಾವುದೂ ಅಷ್ಟು ಮುಂಚಿತವಾಗಿ ಹೇಳಲಾರದು. 1993ರಲ್ಲಿ ಈ ರೋಗದ ಆನುವಂಶಿಕ ಬಗೆಗೆ ಕಾರಣವಾದ ‘ರೆಟ್’ ಎಂಬ ವಂಶವಾಹಿಯೂ ಪತ್ತೆಯಾದ ಮೇಲೆ, ಅಂಥ ಮನೆತನಗಳ ಮಕ್ಕಳಿಗೆ ರೋಗ ಹುಟ್ಟುವ ಮೊದಲೇ ಗ್ರಂಥಿಯನ್ನು ತೆಗೆದು ಜೀವ ಉಳಿಸುವುದು ಸಾಧ್ಯವಾಗಿದೆ.

ಬಿರಾಫಿಗೂ ಅದರದೇ ಆದ ಸ್ಥಾನವೊಂದುಂಟು; ಅದು ಅನಪ್ಲಾಸ್ಟಿಕ್ ಕ್ಯಾನ್ಸರಿನಲ್ಲಿ. ಕೆಟ್ಟ ಬಿರಾಫಿನ ಕೂಗನ್ನು ತಡೆಯುವ ಡಾಬ್ರಾಫೆನಿಬ್, ಟ್ರಾಮೆಟಿನಿಬ್ ಎಂಬ ಜೋಡಿ ಔಷಧಿಗಳಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬಿರಾಫ್ ದೋಷವಿರುವ ಅನಪ್ಲಾಸ್ಟಿಕ್ ರೋಗಿಗಳಲ್ಲಿ ಹಲವರಿಗೆ ಇವುಗಳಿಂದ ಗಡ್ಡೆ ಕುಗ್ಗುತ್ತದೆ. ಇಲ್ಲಿ ಕಂದು ಬಣ್ಣವು ಭವಿಷ್ಯವನ್ನು ನುಡಿಯುತ್ತಿಲ್ಲ, ಮದ್ದನ್ನು ಸೂಚಿಸುತ್ತಿದೆ. ದಿನಗಳನ್ನು ಎಣಿಸುತ್ತಿರುವ ಆ ರೋಗಿಗೆ ವಂಶವಾಹಿಯ ವಿವರವಾದ ಪರೀಕ್ಷೆ ಬರುವವರೆಗೆ ಕಾಯಲು ವ್ಯವಧಾನವಿಲ್ಲ. ಬಣ್ಣ ಕಟ್ಟುವ ಕೆಲಸ ಒಂದೆರಡು ದಿನಗಳದು. ಒಂದೇ ಪ್ರೋಟೀನು ಒಂದು ರೋಗದಲ್ಲಿ ಕನ್ನಡಿಯಾಗಿ ನಿರುಪಯುಕ್ತ, ಇನ್ನೊಂದರಲ್ಲಿ ಕೈದೀಪ. ಕುರುಹಿನ ಯೋಗ್ಯತೆ ಪ್ರೋಟೀನಿನಲ್ಲಿ ಇಲ್ಲ, ಅದನ್ನು ಕಂಡ ಮೇಲೆ ವೈದ್ಯನು ಬೇರೆ ಏನನ್ನಾದರೂ ಮಾಡುವನೇ ಎಂಬುದರಲ್ಲಿದೆ.

ಈ ಶತಮಾನದಲ್ಲಿ ಥೈರಾಯ್ಡ್ ರೋಗಿಗಳಿಗೆ ಅತ್ಯಂತ ನೆಮ್ಮದಿ ತಂದ ಅಧ್ಯಯನಗಳಲ್ಲೊಂದು ಹೊಸ ಪ್ರತಿಕಾಯವನ್ನು ಕುರಿತದ್ದಲ್ಲವೆಂಬುದು ಗಮನಾರ್ಹ. ಪೂರ್ತಿಯಾಗಿ ಪೊರೆಯೊಳಗೇ ಇದ್ದು ಎಲ್ಲಿಯೂ ಹಬ್ಬದ ಒಂದು ಬಗೆಯ ಗಂಟನ್ನು ಕ್ಯಾನ್ಸರೆಂದೇ ಕರೆಯುತ್ತಿದ್ದರು. ಹಲವು ದೇಶಗಳ ರೋಗಶಾಸ್ತ್ರಜ್ಞರು ಅಂಥ 109 ರೋಗಿಗಳ ಹಳೆಯ ಹೋಳುಗಳನ್ನು ಮತ್ತೆ ನೋಡಿದರು. 10ರಿಂದ 26 ವರ್ಷ ಕಳೆದಿದ್ದರೂ ಎಲ್ಲರೂ ಬದುಕಿದ್ದರು, ರೋಗ ಯಾರಲ್ಲಿಯೂ ಮರುಕಳಿಸಿರಲಿಲ್ಲ. 2016ರಲ್ಲಿ ಆ ಗಂಟಿನ ಹೆಸರಿನಿಂದ ‘ಕ್ಯಾನ್ಸರ್’ ಎಂಬ ಪದವನ್ನೇ ತೆಗೆದುಹಾಕಿದರು. ಇದಕ್ಕೆ ಬೇಕಾದದ್ದು ಮೇಣದಲ್ಲಿ ಹುದುಗಿಸಿ ಜೋಪಾನ ಮಾಡಿದ ಹಳೆಯ ತುಣುಕುಗಳು, ಆ ತುಣುಕುಗಳ ಒಡೆಯರು ಈಗ ಹೇಗಿದ್ದಾರೆಂಬ ಮಾಹಿತಿ.

ನಮ್ಮ ಆಸ್ಪತ್ರೆಗಳ ಕಪಾಟುಗಳಲ್ಲಿಯೂ ಮೇಣದ ತುಣುಕುಗಳಿವೆ. ಇಲ್ಲದಿರುವುದು ಎರಡನೆಯದು. ಬೆಂಗಳೂರು, ಮದರಾಸುಗಳಲ್ಲಿ 1982ರಿಂದಲೂ ಮುಂಬಯಿಯಲ್ಲಿ ಅದಕ್ಕೂ ಮೊದಲಿನಿಂದಲೂ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಬೆಂಗಳೂರಿನದು ಕಿದ್ವಾಯಿ ಸಂಸ್ಥೆಯಲ್ಲಿ. ಯಾರಿಗೆ ಯಾವ ಕ್ಯಾನ್ಸರು ಬಂದಿತೆಂಬ ಲೆಕ್ಕ ಅಲ್ಲಿ ಸಿಗುತ್ತದೆ. ಆದರೆ ಗ್ರಂಥಿ ತೆಗೆಸಿಕೊಂಡು ಊರಿಗೆ ಹೋದ ರೋಗಿ ಗುಣವಾದ ಮೇಲೆ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಕಡಮೆ. ವಿಳಾಸ ಬದಲಾಗುತ್ತದೆ, ಮದುವೆಯಾದ ಹೆಣ್ಣುಮಗಳ ಹೆಸರೂ ಬದಲಾಗುತ್ತದೆ. ಇಪ್ಪತ್ತೊಂದನೆಯ ಪ್ರೋಟೀನಿಗೆ ಬಣ್ಣ ಕಟ್ಟಲು ಹಣ ಕೇಳುವ ಪ್ರತಿಯೊಂದು ಯೋಜನೆಯಿಂದಲೂ ಒಬ್ಬ ಗುಮಾಸ್ತನ ಸಂಬಳವನ್ನು ಬೇರೆ ತೆಗೆದಿಡಬೇಕೆಂದು ನಾನು ಸೂಚಿಸುತ್ತೇನೆ. ಹದಿನೈದು ವರ್ಷಗಳ ಹಿಂದೆ ಗ್ರಂಥಿ ತೆಗೆಸಿಕೊಂಡವರನ್ನು ಹುಡುಕಿ, ಫೋನು ಮಾಡಿ, ಕಾಗದ ಬರೆದು, ಬೇಕಾದರೆ ಹಳ್ಳಿಗೇ ಹೋಗಿ, “ಹೇಗಿದ್ದೀರಿ?” ಎಂದು ವಿಚಾರಿಸಿ ಬರೆದುಕೊಳ್ಳುವುದು ಅವನ ಕೆಲಸ.